ಚೆಕ್‌ಬಾಕ್ಸ್ ನಮಗೆ ಬೇಕಾದಂತೆ ನಡೆದುಕೊಳ್ಳಲು: ಡೆಸ್ಕ್‌ಟಾಪ್ ಆ್ಯಪ್ ಬರೆಯುವವರಿಗೆ ಸಮಗ್ರ ಮಾರ್ಗದರ್ಶಿ

ಚೆಕ್‌ಬಾಕ್ಸ್ ನೋಡಲು ತುಂಬ ಸಣ್ಣದು. ಒಂದು ಚೌಕ, ಪಕ್ಕದಲ್ಲಿ ನಾಲ್ಕು ಪದ. ಕ್ಲಿಕ್ ಮಾಡಿದರೆ ಟಿಕ್ ಬೀಳುತ್ತದೆ, ಮತ್ತೆ ಕ್ಲಿಕ್ ಮಾಡಿದರೆ ಹೋಗುತ್ತದೆ. ಇಷ್ಟೇ ಸಾಕಾಗುವ ಕಡೆ ಯಾರೂ ತಲೆ ಕೆಡಿಸಿಕೊಳ್ಳಬೇಕಿಲ್ಲ. ಆದರೆ ದಿನ ಕಳೆದಂತೆ ಬೇಡಿಕೆಗಳು ಬರುತ್ತವೆ. ಟಿಕ್ ತೆಗೆಯುವ ಮೊದಲು ಪಾಸ್‌ವರ್ಡ್ ಕೇಳಬೇಕು. ಫೋಲ್ಡರ್‌ನ ಕೆಲವು ಫೈಲ್ ಮಾತ್ರ ಆಯ್ಕೆಯಾಗಿದ್ದರೆ ಫೋಲ್ಡರ್ ಅರ್ಧ ಟಿಕ್ ತೋರಿಸಬೇಕು. ಮೂರಕ್ಕಿಂತ ಜಾಸ್ತಿ ಆಯ್ಕೆ ಮಾಡಲು ಬಿಡಬಾರದು. ಇಲ್ಲಿಂದ ತೊಂದರೆ ಶುರುವಾಗುತ್ತದೆ.

ಸಾಮಾನ್ಯವಾಗಿ ಎಲ್ಲರೂ ಮೊದಲು ಹಿಡಿಯುವ ದಾರಿ ಒಂದೇ. "ಸ್ಥಿತಿ ಬದಲಾಯಿತು" ಎಂಬ ಇವೆಂಟ್ (ಏನೋ ಆಯಿತು ಎಂದು ನಿಮ್ಮ ಕೋಡ್‌ಗೆ ಬರುವ ಸುದ್ದಿ) ಹಿಡಿದು, ಬದಲಾವಣೆ ಬೇಡ ಅನಿಸಿದರೆ ಅಲ್ಲೇ ಹಳೆಯ ಸ್ಥಿತಿಗೆ ವಾಪಸ್ ತಿರುಗಿಸುವುದು. ಮೊದಲ ನೋಟಕ್ಕೆ ಇದು ಸರಿಯಾಗಿಯೇ ಕೆಲಸ ಮಾಡುತ್ತದೆ. ಆಮೇಲೆ ಒಂದೊಂದೇ ಬಿರುಕು ಕಾಣುತ್ತದೆ. ವಾಪಸ್ ತಿರುಗಿಸಿದ್ದೂ ಒಂದು ಬದಲಾವಣೆಯೇ ಆದ್ದರಿಂದ ಅದೇ ಇವೆಂಟ್ ಎರಡನೇ ಸಲ ಬರುತ್ತದೆ. ಅದನ್ನೇ ಕೇಳುತ್ತಿರುವ ಬೇರೆ ಕೋಡ್ ಒಂದು ಸಲ "ಹೌದು" ಎಂದೂ ಇನ್ನೊಂದು ಸಲ "ಅಲ್ಲ" ಎಂದೂ ತಿಳಿಯುತ್ತದೆ. ಪರದೆಯ ಮೇಲೆ ಟಿಕ್ ಮಿನುಗಿ ಮಾಯವಾಗುತ್ತದೆ. ಸ್ಕ್ರೀನ್ ರೀಡರ್ (ಪರದೆಯಲ್ಲಿ ಇರುವುದನ್ನು ಓದಿ ಹೇಳುವ ತಂತ್ರಾಂಶ) ಬಳಸುವವರಿಗೆ ಆಗದೇ ಇದ್ದ ಬದಲಾವಣೆ ಆಗಿದೆ ಎಂದು ಕೇಳಿಸುತ್ತದೆ.

ಆದ್ದರಿಂದ ಈ ಬರಹ ಪೂರ್ತಿ ಒಂದೇ ಮಾತಿನ ಮೇಲೆ ನಿಂತಿದೆ. ಬದಲಾದ ಮೇಲೆ ಸರಿಪಡಿಸಲು ಹೋಗಬೇಡಿ. ಬದಲಾಗುವ ಮೊದಲೇ, ಒಂದೇ ಜಾಗದಲ್ಲಿ, ಮುಂದಿನ ಸ್ಥಿತಿ ಯಾವುದು ಎಂದು ತೀರ್ಮಾನಿಸಿ. ಹೆಚ್ಚಿನ ಟೂಲ್‌ಕಿಟ್‌ಗಳಲ್ಲಿ (ಕಿಟಕಿ, ಬಟನ್, ಚೆಕ್‌ಬಾಕ್ಸ್‌ಗಳನ್ನು ಸಿದ್ಧವಾಗಿ ಕೊಡುವ ಲೈಬ್ರರಿಗಳಲ್ಲಿ) ಇದಕ್ಕೆ ದಾರಿ ಇದೆ. ಅದು ಎಲ್ಲಿದೆ ಎಂದು ಹುಡುಕಿಕೊಂಡರೆ ಅರ್ಧ ಕೆಲಸ ಮುಗಿದಂತೆ.

## ಹಂತ 1: ಕೋಡ್‌ಗೂ ಮೊದಲು ಒಂದು ಪಟ್ಟಿ

ಕಾಗದದ ಮೇಲೆ ಮೂರು ಕಾಲಮ್ ಎಳೆಯಿರಿ. ಈಗಿನ ಸ್ಥಿತಿ, ಏನಾಯಿತು, ಮುಂದಿನ ಸ್ಥಿತಿ. ಒಂದೊಂದು ಸಾಧ್ಯತೆಗೂ ಒಂದೊಂದು ಸಾಲು ಬರೆಯಿರಿ. ಉದಾಹರಣೆಗೆ ಪಾಸ್‌ವರ್ಡ್ ಕೇಳುವ ಬಾಕ್ಸ್ ಹೀಗಿರಬಹುದು:

ಖಾಲಿ – ಬಳಕೆದಾರರ ಕ್ಲಿಕ್ – ಟಿಕ್
ಟಿಕ್ – ಬಳಕೆದಾರರ ಕ್ಲಿಕ್, ಪಾಸ್‌ವರ್ಡ್ ಸರಿ – ಖಾಲಿ
ಟಿಕ್ – ಬಳಕೆದಾರರ ಕ್ಲಿಕ್, ಪಾಸ್‌ವರ್ಡ್ ತಪ್ಪು ಅಥವಾ ರದ್ದು – ಟಿಕ್
ಯಾವುದಾದರೂ – ಸೆಟ್ಟಿಂಗ್ ಫೈಲ್ ಲೋಡ್ ಆಯಿತು – ಫೈಲ್‌ನಲ್ಲಿ ಇದ್ದದ್ದು, ಪಾಸ್‌ವರ್ಡ್ ಕೇಳದೆ

ಕೊನೆಯ ಸಾಲನ್ನು ಬಹಳ ಜನ ಮರೆಯುತ್ತಾರೆ. ಆ್ಯಪ್ ತೆರೆದ ಕೂಡಲೇ ಕಾರಣವಿಲ್ಲದೆ ಪಾಸ್‌ವರ್ಡ್ ಕೇಳುವ ಕಿಟಕಿ ಬರುವುದು ಇದರಿಂದಲೇ. ಬಳಕೆದಾರರು ಮಾಡಿದ ಬದಲಾವಣೆ ಬೇರೆ, ಪ್ರೋಗ್ರಾಮ್ ತಾನೇ ಮಾಡಿದ ಬದಲಾವಣೆ ಬೇರೆ. ಪಟ್ಟಿಯಲ್ಲಿ ಇವೆರಡೂ ಬೇರೆ ಸಾಲುಗಳಾಗಿ ಇರಬೇಕು.

ಪಟ್ಟಿ ಬರೆಯುವಾಗ ಇನ್ನೊಂದು ಪ್ರಶ್ನೆಗೂ ಉತ್ತರ ಕಂಡುಕೊಳ್ಳಿ. ಟಿಕ್ ಹಾಕಿದ ತಕ್ಷಣ ಕೆಲಸ ಆಗಬೇಕೋ, ಅಥವಾ ಕೆಳಗಿನ ಸರಿ (OK) ಬಟನ್ ಒತ್ತಿದ ಮೇಲೋ? ಸರಿ ಮತ್ತು ರದ್ದು ಬಟನ್ ಇರುವ ಕಿಟಕಿಯಲ್ಲಿ ಚೆಕ್‌ಬಾಕ್ಸ್ ತಕ್ಷಣ ಕೆಲಸ ಮಾಡಬಾರದು. ಮಾಡಿದರೆ ರದ್ದು ಬಟನ್‌ಗೆ ಅರ್ಥವೇ ಇರುವುದಿಲ್ಲ, ಅಲ್ವಾ?

## ಹಂತ 2: ಯಾವ ಇವೆಂಟ್ ಯಾರಿಗಾಗಿ

ಪ್ರತಿ ಟೂಲ್‌ಕಿಟ್‌ನಲ್ಲೂ ಹತ್ತಿರ ಹತ್ತಿರ ಒಂದೇ ಹೆಸರಿನ ಎರಡು ಮೂರು ಇವೆಂಟ್ ಇರುತ್ತವೆ. ಅವುಗಳ ನಡುವಿನ ವ್ಯತ್ಯಾಸ ಗೊತ್ತಿದ್ದರೆ ಅರ್ಧಕ್ಕರ್ಧ ದೋಷಗಳು ಹುಟ್ಟುವುದೇ ಇಲ್ಲ.

ಕ್ಯೂಟಿ (Qt) ಎಂಬ ಸಿ++ ಟೂಲ್‌ಕಿಟ್‌ನಲ್ಲಿ ಕ್ಲಿಕ್ಡ್ ಎಂಬ ಸಿಗ್ನಲ್ (ಇಲ್ಲಿ ಇವೆಂಟ್‌ನ ಕೆಲಸ ಮಾಡುವ ಸುದ್ದಿ) ಕ್ಲಿಕ್ ಆದಾಗ ಮಾತ್ರ ಬರುತ್ತದೆ. ಕೋಡ್‌ನಿಂದ ಸೆಟ್‌ಚೆಕ್ಡ್ ಕರೆದರೆ ಬರುವುದಿಲ್ಲ. ಟಾಗಲ್ಡ್ ಸಿಗ್ನಲ್ ಯಾರು ಬದಲಾಯಿಸಿದರೂ ಬರುತ್ತದೆ. ಜಾವಾದ ಸ್ವಿಂಗ್‌ನಲ್ಲಿ ಆ್ಯಕ್ಷನ್‌ಲಿಸನರ್ ಬಳಕೆದಾರರ ಕ್ಲಿಕ್‌ಗೆ, ಐಟಂಲಿಸನರ್ ಎಲ್ಲ ಬದಲಾವಣೆಗೆ. ಪೈಥಾನ್‌ನ ಟಿಕೆ-ಇಂಟರ್‌ನಲ್ಲಿ (Tkinter) ಕಮಾಂಡ್‌ಗೆ ಕೊಟ್ಟ ಫಂಕ್ಷನ್ ಬಳಕೆದಾರರ ಕ್ಲಿಕ್‌ಗೆ ಓಡುತ್ತದೆ. ವೇರಿಯಬಲ್ ಅನ್ನು ಕೋಡ್‌ನಿಂದ ಬದಲಾಯಿಸಿದಾಗಲೂ ಗೊತ್ತಾಗಬೇಕು ಎಂದರೆ ವೇರಿಯಬಲ್ ಮೇಲೆ ಟ್ರೇಸ್ (ಬದಲಾದರೆ ತಿಳಿಸುವ ಏರ್ಪಾಟು) ಹಾಕಬೇಕು. ವಿಂಡೋಸ್ ಟೂಲ್‌ಕಿಟ್‌ಗಳಾದ ವಿನ್‌ಫಾರ್ಮ್ಸ್‌ನ (WinForms) ಚೆಕ್ಡ್‌ಚೇಂಜ್ಡ್, ಡಬ್ಲ್ಯುಪಿಎಫ್‌ನ (WPF) ಚೆಕ್ಡ್ ಮತ್ತು ಅನ್‌ಚೆಕ್ಡ್, ಇವೆಲ್ಲ ಯಾರು ಬದಲಾಯಿಸಿದರೂ ಬರುವಂಥವು.

ಹಾಗಾದರೆ ಬಳಕೆದಾರರ ನಿರ್ಧಾರಕ್ಕೆ ಸಂಬಂಧಪಟ್ಟದ್ದನ್ನು ಕ್ಲಿಕ್ ಇವೆಂಟ್‌ನಲ್ಲಿ ಬರೆದರೆ ಸಾಕೇ? ಡಬ್ಲ್ಯುಪಿಎಫ್‌ನಲ್ಲಿ ಸಾಕಾಗುವುದಿಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮೌಸ್ ಅಥವಾ ಸ್ಪೇಸ್ ಕೀ ಬಳಸಿದಾಗ ಕ್ಲಿಕ್ ಇವೆಂಟ್ ಬರುತ್ತದೆ, ನಿಜ. ಆದರೆ ಸ್ಕ್ರೀನ್ ರೀಡರ್‌ನಂಥ ಸಹಾಯಕ ತಂತ್ರಾಂಶ ಯುಐ ಆಟೊಮೇಶನ್ (ಬೇರೆ ಪ್ರೋಗ್ರಾಮ್‌ಗಳು ಕಂಟ್ರೋಲ್‌ಗಳನ್ನು ನಡೆಸಲು ವಿಂಡೋಸ್‌ನಲ್ಲಿರುವ ವ್ಯವಸ್ಥೆ) ಮೂಲಕ ಬಾಕ್ಸ್ ಬದಲಾಯಿಸಿದಾಗ ನೇರವಾಗಿ ಆನ್‌ಟಾಗಲ್ ಎಂಬ ಮೆಥಡ್ ಓಡುತ್ತದೆ. ಕ್ಲಿಕ್ ಇವೆಂಟ್ ಬರುವುದೇ ಇಲ್ಲ. ಪಾಸ್‌ವರ್ಡ್ ಕೇಳುವ ಕೋಡ್ ಕ್ಲಿಕ್‌ನಲ್ಲಿ ಇದ್ದರೆ, ಆ ದಾರಿಯಲ್ಲಿ ಬಂದವರಿಗೆ ಪಾಸ್‌ವರ್ಡ್ ಕೇಳದೆಯೇ ಟಿಕ್ ಹೋಗಿಬಿಡುತ್ತದೆ. ಸರಿಯಾದ ಜಾಗ ಆನ್‌ಟಾಗಲ್. ಮೌಸ್, ಸ್ಪೇಸ್ ಕೀ, ಆಟೊಮೇಶನ್ ಮೂರೂ ಅಲ್ಲಿ ಬಂದು ಸೇರುತ್ತವೆ.

## ಹಂತ 3: ಬದಲಾಗುವ ಮೊದಲೇ ಹಿಡಿಯುವುದು

ನಿಮ್ಮ ಟೂಲ್‌ಕಿಟ್ ಯಾವುದೋ ಅದರ ಭಾಗ ಓದಿಕೊಳ್ಳಿ.

ವಿನ್‌ಫಾರ್ಮ್ಸ್: ಆಟೊಚೆಕ್ ಎಂಬ ಪ್ರಾಪರ್ಟಿಯನ್ನು ಫಾಲ್ಸ್ ಮಾಡಿ. ಈಗ ಕ್ಲಿಕ್ ಇವೆಂಟ್ ಬರುತ್ತದೆ, ಆದರೆ ಟಿಕ್ ತಾನಾಗಿಯೇ ಬದಲಾಗುವುದಿಲ್ಲ. ಕ್ಲಿಕ್ ಹ್ಯಾಂಡ್ಲರ್‌ನಲ್ಲಿ (ಆ ಇವೆಂಟ್ ಬಂದಾಗ ಓಡುವ ಫಂಕ್ಷನ್‌ನಲ್ಲಿ) ನಿಮ್ಮ ಪಟ್ಟಿ ನೋಡಿ ಚೆಕ್‌ಸ್ಟೇಟ್‌ಗೆ ಬೆಲೆ (ವ್ಯಾಲ್ಯೂ) ಕೊಡಿ. ಸ್ಪೇಸ್ ಕೀ ಒತ್ತಿದರೂ ಇದೇ ಕ್ಲಿಕ್ ಬರುತ್ತದೆ, ಹಾಗಾಗಿ ಕೀಬೋರ್ಡ್‌ಗೆ ಬೇರೆ ಕೋಡ್ ಬೇಡ. ಮೌಸ್‌ಕ್ಲಿಕ್ ಇವೆಂಟ್ ಮಾತ್ರ ಹಿಡಿಯಬೇಡಿ, ಅದರಲ್ಲಿ ಕೀಬೋರ್ಡ್ ಬಿಟ್ಟುಹೋಗುತ್ತದೆ. ವಿಂಡೋಸ್‌ನ ಮೂಲ ಕಂಟ್ರೋಲ್‌ನಲ್ಲೂ ಇದೇ ವ್ಯವಸ್ಥೆ ಇದೆ. ತಾನಾಗಿ ಬದಲಾಗುವ ಆಟೊ ಚೆಕ್‌ಬಾಕ್ಸ್ ಸ್ಟೈಲ್ ಒಂದು, ಬರೀ ಸುದ್ದಿ ಕೊಟ್ಟು ಸುಮ್ಮನಿರುವ ಸಾದಾ ಚೆಕ್‌ಬಾಕ್ಸ್ ಸ್ಟೈಲ್ ಇನ್ನೊಂದು.

ಡಬ್ಲ್ಯುಪಿಎಫ್: ಚೆಕ್‌ಬಾಕ್ಸ್‌ನಿಂದ ಒಂದು ಕ್ಲಾಸ್ ಮಾಡಿ, ಆನ್‌ಟಾಗಲ್ ಅನ್ನು ಓವರ್‌ರೈಡ್ ಮಾಡಿ (ಅದರ ಜಾಗಕ್ಕೆ ನಿಮ್ಮ ಕೋಡ್ ಬರೆಯಿರಿ). ಬದಲಾವಣೆ ಬೇಡವೆಂದರೆ ಬೇಸ್ ಮೆಥಡ್ ಕರೆಯಬೇಡಿ, ಅಷ್ಟೇ. ನಿಮ್ಮದೇ ಬೆಲೆ ಕೊಡಬೇಕೆಂದರೆ ಈಸ್‌ಚೆಕ್ಡ್‌ಗೆ ನೇರವಾಗಿ ಬರೆಯದೆ ಸೆಟ್‌ಕರೆಂಟ್‌ವ್ಯಾಲ್ಯೂ ಮೂಲಕ ಕೊಡಿ. ನೇರ ಬರೆದರೆ ಒನ್-ವೇ ಬೈಂಡಿಂಗ್ (ಡೇಟಾ ಬದಲಾದಂತೆ ಬಾಕ್ಸ್ ಬದಲಾಗಿಸುವ ಕೊಂಡಿ) ಕಿತ್ತುಹೋಗುತ್ತದೆ. ಇದು ತಕ್ಷಣ ಕಾಣುವ ತೊಂದರೆಯಲ್ಲ. ಮೊದಲ ಕ್ಲಿಕ್ ಚೆನ್ನಾಗಿಯೇ ಇರುತ್ತದೆ, ಆಮೇಲೆ ಡೇಟಾ ಬದಲಾದರೂ ಬಾಕ್ಸ್ ಬದಲಾಗುವುದಿಲ್ಲ.

ಕ್ಯೂಟಿ: ಕ್ಯೂಚೆಕ್‌ಬಾಕ್ಸ್‌ನ ನೆಕ್ಸ್ಟ್‌ಚೆಕ್‌ಸ್ಟೇಟ್ ಎಂಬ ವರ್ಚುವಲ್ ಫಂಕ್ಷನ್ ಓವರ್‌ರೈಡ್ ಮಾಡಿ. ಹೆಸರೇ ಹೇಳುವಂತೆ ಕ್ಲಿಕ್ ಆದಾಗ ಮುಂದಿನ ಸ್ಥಿತಿ ಯಾವುದು ಎಂದು ಇದು ನಿರ್ಧರಿಸುತ್ತದೆ. ನನಗೆ ಎಲ್ಲ ಟೂಲ್‌ಕಿಟ್‌ಗಳಿಗಿಂತ ಇದರ ವಿನ್ಯಾಸ ಇಷ್ಟ. ನಿರ್ಧಾರಕ್ಕೆ ಒಂದು ಜಾಗ, ಅದಕ್ಕೆ ಸರಿಯಾದ ಹೆಸರು.

ಸ್ವಿಂಗ್: ಇಲ್ಲಿ ಸ್ಥಿತಿ ಇರುವುದು ಬಟನ್‌ನಲ್ಲಲ್ಲ, ಅದರ ಹಿಂದಿನ ಮಾಡೆಲ್‌ನಲ್ಲಿ. ಟಾಗಲ್‌ಬಟನ್‌ಮಾಡೆಲ್‌ನಿಂದ ನಿಮ್ಮ ಮಾಡೆಲ್ ಮಾಡಿ, ಸೆಟ್‌ಪ್ರೆಸ್ಡ್ ಓವರ್‌ರೈಡ್ ಮಾಡಿ. ಒತ್ತಿದ ಬಟನ್ ಬಿಟ್ಟಾಗ ಆಯ್ಕೆ ತಿರುಗುವುದು ಅಲ್ಲೇ.

ಎಲೆಕ್ಟ್ರಾನ್ ಮತ್ತು ಅಂಥ ವೆಬ್ ಆಧಾರಿತ ಆ್ಯಪ್‌ಗಳು: ಕ್ಲಿಕ್ ಹ್ಯಾಂಡ್ಲರ್‌ನಲ್ಲಿ ಪ್ರಿವೆಂಟ್‌ಡಿಫಾಲ್ಟ್ ಕರೆದರೆ ಬ್ರೌಸರ್ ಹಳೆಯ ಸ್ಥಿತಿಯನ್ನು ತಾನೇ ಮರಳಿಸುತ್ತದೆ. ಇಲ್ಲಿ ಎರಡು ವಿಷಯ ನೆನಪಿರಲಿ. ಹ್ಯಾಂಡ್ಲರ್ ಓಡುವ ಹೊತ್ತಿಗೆ ಚೆಕ್ಡ್ ಎಂಬುದು ಆಗಲೇ ಹೊಸ ಬೆಲೆ ತೋರಿಸುತ್ತಿರುತ್ತದೆ. ಮತ್ತು ಪ್ರಿವೆಂಟ್‌ಡಿಫಾಲ್ಟ್ ಕರೆದ ಹ್ಯಾಂಡ್ಲರ್ ಒಳಗೇ ನೀವು ಚೆಕ್ಡ್‌ಗೆ ಬೇರೆ ಬೆಲೆ ಕೊಟ್ಟರೂ ಹ್ಯಾಂಡ್ಲರ್ ಮುಗಿದ ಮೇಲೆ ಬ್ರೌಸರ್ ಅದನ್ನು ಅಳಿಸಿಬಿಡುತ್ತದೆ. ನಿಮ್ಮ ಬೆಲೆಯನ್ನು ಹ್ಯಾಂಡ್ಲರ್ ಮುಗಿದ ನಂತರ ಕೊಡಬೇಕು.

ಇನ್ನು ಉತ್ತರ ತಡವಾಗಿ ಬರುವ ಸಂದರ್ಭ. ಬಾಕ್ಸ್ ಕ್ಲಿಕ್ ಆದ ಮೇಲೆ ಸರ್ವರ್ ಒಪ್ಪಬೇಕು, ಅದಕ್ಕೆ ಎರಡು ಸೆಕೆಂಡ್ ಬೇಕು ಎಂದುಕೊಳ್ಳಿ. ಆ ಎರಡು ಸೆಕೆಂಡ್ ಬಾಕ್ಸ್ ಅನ್ನು ಡಿಸೇಬಲ್ ಮಾಡುವುದು ಸುಲಭದ ಉಪಾಯ. ಆದರೆ ಫೋಕಸ್ (ಒತ್ತಿದ ಕೀ ಹೋಗಿ ಸೇರುವ ಜಾಗ) ಇರುವ ಕಂಟ್ರೋಲ್ ಡಿಸೇಬಲ್ ಆದರೆ ಫೋಕಸ್ ಬೇರೆಲ್ಲೋ ಜಿಗಿಯುತ್ತದೆ. ಕೀಬೋರ್ಡ್‌ನಲ್ಲೇ ಕೆಲಸ ಮಾಡುವವರು ದಾರಿ ತಪ್ಪುತ್ತಾರೆ. ನನ್ನ ಸಲಹೆ ಹೀಗೆ: ಬಾಕ್ಸ್ ಹಾಗೇ ಇರಲಿ, "ಉತ್ತರ ಬರಬೇಕು" ಎಂಬ ಒಂದು ಫ್ಲ್ಯಾಗ್ ಇಟ್ಟುಕೊಳ್ಳಿ. ಆ ಫ್ಲ್ಯಾಗ್ ಇರುವಷ್ಟು ಹೊತ್ತು ನಿರ್ಧಾರದ ಫಂಕ್ಷನ್ (ಮುಂದಿನ ಸ್ಥಿತಿ ತೀರ್ಮಾನಿಸುವ ನಿಮ್ಮ ಕೋಡ್) ಹೊಸ ಕ್ಲಿಕ್‌ಗಳನ್ನು ಬಿಟ್ಟುಬಿಡಲಿ. ಪಕ್ಕದಲ್ಲಿ "ಉಳಿಸಲಾಗುತ್ತಿದೆ" ಎಂದು ಬರೆಯಿರಿ. ಉತ್ತರ ಬಂದ ಮೇಲೆ ಸ್ಥಿತಿ ಬದಲಾಯಿಸಿ. ಒಪ್ಪಿಗೆ ಸಿಗದಿದ್ದರೆ ಯಾಕೆ ಎಂದು ಅಲ್ಲೇ ಪಕ್ಕದಲ್ಲಿ ತಿಳಿಸಿ.

ಆಯ್ಕೆಗೆ ಮಿತಿ ಹಾಕುವುದೂ ಇದೇ ಜಾಗದಲ್ಲಿ. ಮೂರು ಟಿಕ್ ಆಗಿದ್ದರೆ ನಾಲ್ಕನೆಯದಕ್ಕೆ ನಿರ್ಧಾರದ ಫಂಕ್ಷನ್ ಒಪ್ಪುವುದಿಲ್ಲ. ಸುಮ್ನೆ ನಿರಾಕರಿಸಿ ಬಿಡಬೇಡಿ, "ಮೂರು ಆಯ್ಕೆ ಆಗಿದೆ, ಇನ್ನೊಂದು ಬೇಕಿದ್ದರೆ ಒಂದನ್ನು ತೆಗೆಯಿರಿ" ಎಂಬ ಸಾಲು ಕಾಣಲಿ. ಕ್ಲಿಕ್ ಮಾಡಿದರೂ ಏನೂ ಆಗದಿದ್ದರೆ ಆ್ಯಪ್ ಕೆಟ್ಟಿದೆ ಎಂದೇ ಜನ ಅಂದುಕೊಳ್ಳುತ್ತಾರೆ.

## ಹಂತ 4: ಅರ್ಧ ಟಿಕ್, ಅಂದರೆ ಮೂರನೇ ಸ್ಥಿತಿ

ಇಲ್ಲಿ ನಿಧಾನವಾಗಿ ಹೋಗೋಣ. ಅತಿ ಹೆಚ್ಚು ತಪ್ಪು ನಡೆಯುವ ಜಾಗ ಇದು.

ಮೂರನೇ ಸ್ಥಿತಿಗೆ ಎರಡು ಬೇರೆ ಬೇರೆ ಉಪಯೋಗ ಇದೆ. ಒಂದು, "ಹೌದು, ಇಲ್ಲ, ನಾನು ಏನೂ ಹೇಳುವುದಿಲ್ಲ" ಎಂಬ ಉತ್ತರ. ಹುಡುಕಾಟದ ಫಿಲ್ಟರ್‌ನಲ್ಲಿ ಇದು ಬೇಕಾಗುತ್ತದೆ. ಇಲ್ಲಿ ಬಳಕೆದಾರರೇ ಅದನ್ನು ಆರಿಸಬಹುದು. ಇನ್ನೊಂದು, "ಕೆಳಗಿನವುಗಳಲ್ಲಿ ಕೆಲವು ಟಿಕ್ ಆಗಿವೆ, ಕೆಲವು ಆಗಿಲ್ಲ" ಎಂಬ ವರದಿ. ಇದನ್ನು ಬಳಕೆದಾರರು ಆರಿಸುವಂತಿಲ್ಲ, ಕೆಳಗಿನ ಬಾಕ್ಸ್‌ಗಳಿಂದ ತಾನಾಗಿ ಬರಬೇಕು. ನಿಮಗೆ ಯಾವುದು ಬೇಕು ಎಂದು ಮೊದಲು ನಿಶ್ಚಯ ಮಾಡಿ. ಮೊದಲನೆಯದಾದರೆ ನನ್ನ ಮಟ್ಟಿಗೆ ಚೆಕ್‌ಬಾಕ್ಸ್ ಬಿಟ್ಟು ಮೂರು ರೇಡಿಯೊ ಬಟನ್ ಅಥವಾ ಒಂದು ಡ್ರಾಪ್‌ಡೌನ್ ಇಡುವುದೇ ಒಳ್ಳೆಯದು. ಅರ್ಧ ಟಿಕ್ ನೋಡಿ "ಇದು ಲೆಕ್ಕಕ್ಕಿಲ್ಲ" ಎಂದು ಯಾರಿಗೂ ಹೊಳೆಯುವುದಿಲ್ಲ.

ಕ್ಲಿಕ್ ಮಾಡುತ್ತ ಹೋದರೆ ಸ್ಥಿತಿಗಳು ಬರುವ ಕ್ರಮವೂ ಎಲ್ಲ ಕಡೆ ಒಂದೇ ಅಲ್ಲ. ವಿನ್‌ಫಾರ್ಮ್ಸ್ ಮತ್ತು ಡಬ್ಲ್ಯುಪಿಎಫ್‌ನಲ್ಲಿ ಖಾಲಿ, ಟಿಕ್, ಅರ್ಧ ಟಿಕ್, ಮತ್ತೆ ಖಾಲಿ. ಕ್ಯೂಟಿ ಮತ್ತು ಜಾವಾದ ಇನ್ನೊಂದು ಟೂಲ್‌ಕಿಟ್ ಆದ ಜಾವಾಎಫ್‌ಎಕ್ಸ್‌ನಲ್ಲಿ ಖಾಲಿ, ಅರ್ಧ ಟಿಕ್, ಟಿಕ್, ಮತ್ತೆ ಖಾಲಿ. ಒಂದೇ ಆ್ಯಪ್ ಅನ್ನು ಎರಡು ಟೂಲ್‌ಕಿಟ್‌ನಲ್ಲಿ ಬರೆಯುವುದಾದರೆ ಕ್ರಮವನ್ನು ಟೂಲ್‌ಕಿಟ್‌ಗೆ ಬಿಡದೆ ನಿಮ್ಮ ಪಟ್ಟಿಯಂತೆ ನೀವೇ ಬರೆಯಿರಿ. ಸ್ವಿಂಗ್‌ನ ಜೆಚೆಕ್‌ಬಾಕ್ಸ್‌ನಲ್ಲಿ ಮೂರನೇ ಸ್ಥಿತಿ ಇಲ್ಲವೇ ಇಲ್ಲ, ನೀವೇ ಕಟ್ಟಬೇಕು. ಲಿನಕ್ಸ್‌ನಲ್ಲಿ ಹೆಚ್ಚು ಬಳಸುವ ಜಿಟಿಕೆಯಲ್ಲಿ (GTK) ಇನ್‌ಕನ್ಸಿಸ್ಟೆಂಟ್ ಎಂಬ ಪ್ರಾಪರ್ಟಿ ಇದೆ, ಆದರೆ ಅದು ನೋಟಕ್ಕೆ ಮಾತ್ರ. ಕ್ಲಿಕ್ ಆದಾಗ ಅದನ್ನು ತೆಗೆಯುವ ಕೆಲಸ ನಿಮ್ಮದೇ. ವೆಬ್‌ನಲ್ಲಿ ಅರ್ಧ ಟಿಕ್ ಅನ್ನು ಎಚ್‌ಟಿಎಮ್‌ಎಲ್‌ನಲ್ಲಿ ಬರೆಯಲು ಬರುವುದಿಲ್ಲ, ಜಾವಾಸ್ಕ್ರಿಪ್ಟ್‌ನಿಂದಲೇ ಇಡಬೇಕು.

ಈಗ ಎಡವಿ ಬೀಳುವ ಒಂದು ಜಾಗ. ವಿನ್‌ಫಾರ್ಮ್ಸ್‌ನಲ್ಲಿ ಅರ್ಧ ಟಿಕ್ ಇದ್ದಾಗ ಚೆಕ್ಡ್ ಪ್ರಾಪರ್ಟಿ ಟ್ರೂ ಎನ್ನುತ್ತದೆ. ಅಂದರೆ ಟಿಕ್‌ನಿಂದ ಅರ್ಧ ಟಿಕ್‌ಗೆ ಹೋದಾಗ ಚೆಕ್ಡ್ ಬದಲಾಗಿಲ್ಲ, ಹಾಗಾಗಿ ಚೆಕ್ಡ್‌ಚೇಂಜ್ಡ್ ಇವೆಂಟ್ ಬರುವುದಿಲ್ಲ. ಕ್ಯೂಟಿಯ ಟಾಗಲ್ಡ್ ಸಿಗ್ನಲ್ ಕೂಡ ಇದೇ ಕಾರಣಕ್ಕೆ ಅರ್ಧದಿಂದ ಪೂರ್ತಿಗೆ ಹೋದದ್ದನ್ನು ಹೇಳುವುದಿಲ್ಲ. ಮೂರು ಸ್ಥಿತಿ ಇರುವ ಕಡೆ ವಿನ್‌ಫಾರ್ಮ್ಸ್‌ನಲ್ಲಿ ಚೆಕ್‌ಸ್ಟೇಟ್‌ಚೇಂಜ್ಡ್ ಹಿಡಿಯಿರಿ. ಕ್ಯೂಟಿಯಲ್ಲಿ 6.7 ರಿಂದ ಬಂದ ಚೆಕ್‌ಸ್ಟೇಟ್‌ಚೇಂಜ್ಡ್ ಹಿಡಿಯಿರಿ, ಹಳೆಯ ಆವೃತ್ತಿಯಾದರೆ ಸ್ಟೇಟ್‌ಚೇಂಜ್ಡ್. ಜಾವಾಎಫ್‌ಎಕ್ಸ್‌ನಲ್ಲಿ ಸೆಲೆಕ್ಟೆಡ್ ಮತ್ತು ಇಂಡಿಟರ್ಮಿನೇಟ್ ಎರಡು ಬೇರೆ ಪ್ರಾಪರ್ಟಿಗಳು, ಎರಡರ ಬದಲಾವಣೆಯನ್ನೂ ಹಿಡಿಯಬೇಕು.

### ತಾಯಿ ಬಾಕ್ಸ್, ಮಕ್ಕಳ ಬಾಕ್ಸ್

ಮೇಲೊಂದು "ಎಲ್ಲವೂ" ಬಾಕ್ಸ್, ಕೆಳಗೆ ಹತ್ತಾರು. ಇದಕ್ಕೆ ಎರಡು ನಿಯಮ ಸಾಕು.

ಮೇಲಕ್ಕೆ ಹೋಗುವ ನಿಯಮ: ಮಕ್ಕಳೆಲ್ಲ ಟಿಕ್ ಇದ್ದರೆ ತಾಯಿ ಟಿಕ್. ಮಕ್ಕಳೆಲ್ಲ ಖಾಲಿ ಇದ್ದರೆ ತಾಯಿ ಖಾಲಿ. ಬೇರೆ ಏನೇ ಇದ್ದರೂ ತಾಯಿ ಅರ್ಧ. ಒಂದು ಮಗು ತಾನೇ ಅರ್ಧ ಇದ್ದರೂ ತಾಯಿ ಅರ್ಧವೇ.

ಕೆಳಕ್ಕೆ ಇಳಿಯುವ ನಿಯಮ: ತಾಯಿ ಕ್ಲಿಕ್ ಆದಾಗ, ಬದಲಾಯಿಸಬಹುದಾದ ಮಕ್ಕಳೆಲ್ಲ ಈಗಾಗಲೇ ಟಿಕ್ ಆಗಿದ್ದರೆ ಎಲ್ಲವನ್ನೂ ಖಾಲಿ ಮಾಡಿ. ಇಲ್ಲದಿದ್ದರೆ ಎಲ್ಲಕ್ಕೂ ಟಿಕ್ ಹಾಕಿ. "ಬದಲಾಯಿಸಬಹುದಾದ" ಎಂಬ ಪದ ಇಲ್ಲಿ ಮುಖ್ಯ. ಡಿಸೇಬಲ್ ಆದ ಒಂದು ಮಗು ಖಾಲಿಯೇ ಉಳಿಯುವಂತಿದ್ದರೆ ತಾಯಿ ಎಂದೂ ಪೂರ್ತಿ ಟಿಕ್ ಆಗುವುದಿಲ್ಲ. ಆ ಮಗುವನ್ನು ಲೆಕ್ಕದಿಂದ ಬಿಡದಿದ್ದರೆ ತಾಯಿಯನ್ನು ಎಷ್ಟು ಕ್ಲಿಕ್ ಮಾಡಿದರೂ "ಎಲ್ಲಕ್ಕೂ ಟಿಕ್" ಎಂಬ ಕಡೆಗೇ ಹೋಗುತ್ತದೆ, ಖಾಲಿ ಮಾಡಲು ದಾರಿಯೇ ಇರುವುದಿಲ್ಲ.

ಈ ನಿಯಮವನ್ನು ನೀವೇ ಬರೆಯಬೇಕು ಎನ್ನಲು ಕಾರಣ ಇದೆ. ವಿನ್‌ಫಾರ್ಮ್ಸ್ ಮತ್ತು ಡಬ್ಲ್ಯುಪಿಎಫ್‌ನಲ್ಲಿ ಮೂರು ಸ್ಥಿತಿಯ ಸೌಲಭ್ಯ ಆಫ್ ಇದ್ದರೂ ಕೋಡ್‌ನಿಂದ ಅರ್ಧ ಟಿಕ್ ಇಡಬಹುದು. ಬಳಕೆದಾರರು ಮಾತ್ರ ಅಲ್ಲಿಗೆ ಕ್ಲಿಕ್ ಮಾಡಿ ಹೋಗಲಾರರು. ನಮಗೆ ಬೇಕಾದದ್ದೂ ಇದೇ. ಆದರೆ ಅರ್ಧ ಇರುವ ಬಾಕ್ಸ್ ಕ್ಲಿಕ್ ಮಾಡಿದರೆ ಅದು ಖಾಲಿ ಆಗುತ್ತದೆ, ಟಿಕ್ ಆಗುವುದಿಲ್ಲ. ಬಹಳ ಹೊತ್ತು ಕೂತು ಒಂದೊಂದಾಗಿ ಆರಿಸಿದ ಫೈಲ್‌ಗಳ ಆಯ್ಕೆ ಒಂದೇ ಕ್ಲಿಕ್‌ಗೆ ಹೋದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಕ್ಯೂಟಿಯಲ್ಲಿ ತೊಂದರೆ ಬೇರೆ ಥರದ್ದು. ಕೋಡ್‌ನಿಂದ ಅರ್ಧ ಟಿಕ್ ಇಟ್ಟ ಕೂಡಲೇ ಟ್ರೈಸ್ಟೇಟ್ (ಮೂರು ಸ್ಥಿತಿಯ) ಸೌಲಭ್ಯ ತಾನಾಗಿ ಆನ್ ಆಗುತ್ತದೆ. ಅಲ್ಲಿಂದ ಮುಂದೆ ಬಳಕೆದಾರರು ಖಾಲಿ ಬಾಕ್ಸ್ ಕ್ಲಿಕ್ ಮಾಡಿದರೆ ಅರ್ಧ ಟಿಕ್ ಬರುತ್ತದೆ, ಮಕ್ಕಳಲ್ಲಿ ಒಂದೂ ಟಿಕ್ ಇಲ್ಲದಿದ್ದರೂ! ನೆಕ್ಸ್ಟ್‌ಚೆಕ್‌ಸ್ಟೇಟ್ ಓವರ್‌ರೈಡ್ ಮಾಡಿ, ಟಿಕ್ ಇದ್ದರೆ ಖಾಲಿ, ಉಳಿದದ್ದಕ್ಕೆಲ್ಲ ಟಿಕ್ ಎಂದು ಬರೆದರೆ ಸರಿಹೋಗುತ್ತದೆ.

ತಾಯಿ ಬದಲಾದರೆ ಮಕ್ಕಳು ಬದಲಾಗುತ್ತಾರೆ, ಮಕ್ಕಳು ಬದಲಾದರೆ ತಾಯಿ ಬದಲಾಗುತ್ತದೆ. ತಡೆ ಇಲ್ಲದಿದ್ದರೆ ಇದು ಸುತ್ತುತ್ತಲೇ ಇರುತ್ತದೆ. ಮೂರು ತಡೆಗಳಿವೆ. ವಿನ್‌ಫಾರ್ಮ್ಸ್‌ನ ಟ್ರೀವ್ಯೂನಲ್ಲಿ (ಕೊಂಬೆಗಳಂತೆ ಬಿಚ್ಚಿಕೊಳ್ಳುವ ಪಟ್ಟಿಯಲ್ಲಿ) ಆಫ್ಟರ್‌ಚೆಕ್ ಇವೆಂಟ್‌ನ ಆ್ಯಕ್ಷನ್ ಅನ್‌ನೋನ್ ಎಂದಿದ್ದರೆ ಅದು ಕೋಡ್‌ನಿಂದ ಬಂದದ್ದು, ಬಿಟ್ಟುಬಿಡಿ. ಕ್ಯೂಟಿಯಲ್ಲಿ ಕ್ಯೂಸಿಗ್ನಲ್‌ಬ್ಲಾಕರ್ ಇದೆ, ಅದು ಇರುವಷ್ಟು ಹೊತ್ತು ಸಿಗ್ನಲ್ ನಿಲ್ಲುತ್ತವೆ. ಬೇರೆ ಕಡೆ "ಈಗ ನಾನೇ ಬದಲಾಯಿಸುತ್ತಿದ್ದೇನೆ" ಎಂಬ ಫ್ಲ್ಯಾಗ್ ಇಡಿ. ಕೆಲಸದ ಮಧ್ಯೆ ದೋಷ ಬಂದು ಫ್ಲ್ಯಾಗ್ ಹಾಗೇ ಉಳಿಯದಂತೆ ಫೈನಲಿ ಬ್ಲಾಕ್‌ನಲ್ಲಿ (ದೋಷ ಬಂದರೂ ಓಡುವ ಭಾಗದಲ್ಲಿ) ಅದನ್ನು ಇಳಿಸಿ.

ಸಿದ್ಧ ವ್ಯವಸ್ಥೆ ಇರುವ ಕಡೆ ಅದನ್ನೇ ಬಳಸಿ. ಕ್ಯೂಟ್ರೀವಿಜೆಟ್‌ನ ಐಟಂಗೆ ಐಟಂಈಸ್‌ಆಟೊಟ್ರೈಸ್ಟೇಟ್ ಫ್ಲ್ಯಾಗ್ ಹಾಕಿದರೆ ತಾಯಿ-ಮಕ್ಕಳ ಲೆಕ್ಕ ಅದೇ ನೋಡಿಕೊಳ್ಳುತ್ತದೆ. ಜಾವಾಎಫ್‌ಎಕ್ಸ್‌ನ ಚೆಕ್‌ಬಾಕ್ಸ್‌ಟ್ರೀಐಟಂ ಕೂಡ ಹಾಗೆಯೇ.

ಐಟಂಗಳು ಸಾವಿರಾರು ಇದ್ದರೆ ಪ್ರತಿ ಕ್ಲಿಕ್‌ಗೂ ಎಲ್ಲ ಮಕ್ಕಳನ್ನು ಎಣಿಸಬೇಡಿ. ಪ್ರತಿ ತಾಯಿಯಲ್ಲೂ ಎರಡು ಅಂಕಿ ಇಡಿ. ಅದರ ಕೆಳಗೆ ಕೊನೆಯ ಹಂತದ ಐಟಂ ಎಷ್ಟಿವೆ, ಅವುಗಳಲ್ಲಿ ಟಿಕ್ ಆದವು ಎಷ್ಟು. ಒಂದು ಐಟಂ ಬದಲಾದಾಗ ಮೇಲಿನ ಸಾಲಿನ ತಾಯಂದಿರಲ್ಲಿ ಮಾತ್ರ ಒಂದು ಕೂಡಿಸಿ ಅಥವಾ ಕಳೆಯಿರಿ. ಎರಡು ಅಂಕಿ ಸಮ ಇದ್ದರೆ ಟಿಕ್, ಎರಡನೆಯದು ಸೊನ್ನೆ ಇದ್ದರೆ ಖಾಲಿ, ಉಳಿದದ್ದು ಅರ್ಧ. ಇನ್ನೂ ಲೋಡ್ ಆಗದ ಮಕ್ಕಳಿದ್ದರೆ ತಾಯಿಗೆ ಕೊಟ್ಟ ಉತ್ತರವನ್ನು ನೆನಪಿಟ್ಟು, ಲೋಡ್ ಆದಾಗ ಅವಕ್ಕೆ ಅದನ್ನೇ ಕೊಡಿ.

## ಹಂತ 5: ಪಟ್ಟಿ ಮತ್ತು ಟೇಬಲ್‌ಗಳ ಒಳಗಿನ ಬಾಕ್ಸ್

ಒಂಟಿ ಚೆಕ್‌ಬಾಕ್ಸ್‌ಗೂ ಟೇಬಲ್ ಒಳಗಿನ ಚೆಕ್‌ಬಾಕ್ಸ್‌ಗೂ ಸ್ವಭಾವವೇ ಬೇರೆ.

ವಿನ್‌ಫಾರ್ಮ್ಸ್‌ನ ಚೆಕ್ಡ್‌ಲಿಸ್ಟ್‌ಬಾಕ್ಸ್‌ನಲ್ಲಿ ಟಿಕ್ ಬೀಳಲು ಮಾಮೂಲಾಗಿ ಮೊದಲು ಸಾಲು ಆರಿಸಿ ಆಮೇಲೆ ಮತ್ತೆ ಕ್ಲಿಕ್ ಮಾಡಬೇಕು. ಚೆಕ್‌ಆನ್‌ಕ್ಲಿಕ್ ಅನ್ನು ಟ್ರೂ ಮಾಡಿದರೆ ಒಂದೇ ಕ್ಲಿಕ್ ಸಾಕು. ಇದರ ಐಟಂಚೆಕ್ ಇವೆಂಟ್ ಬದಲಾವಣೆಗೆ ಮೊದಲೇ ಬರುತ್ತದೆ. ಅಲ್ಲಿ ನ್ಯೂವ್ಯಾಲ್ಯೂಗೆ ನಿಮಗೆ ಬೇಕಾದ ಬೆಲೆ ಕೊಟ್ಟರೆ ಆಯಿತು, ಮಿತಿ ಹಾಕಲು ಇದಕ್ಕಿಂತ ಒಳ್ಳೆ ಜಾಗ ಇಲ್ಲ. ಆದರೆ ಆ ಇವೆಂಟ್ ಒಳಗೆ ಟಿಕ್ ಎಷ್ಟಾಗಿವೆ ಎಂದು ಎಣಿಸಿದರೆ ಹಳೆಯ ಲೆಕ್ಕ ಸಿಗುತ್ತದೆ ಎಂಬುದು ಗಮನದಲ್ಲಿರಲಿ.

ವಿನ್‌ಫಾರ್ಮ್ಸ್‌ನ ಟೇಬಲ್ ಆದ ಡೇಟಾಗ್ರಿಡ್‌ವ್ಯೂನಲ್ಲಿ ಟಿಕ್ ಹಾಕಿದ ಬೆಲೆ ಆ ಸೆಲ್ ಬಿಟ್ಟು ಹೊರಗೆ ಹೋಗುವ ತನಕ ಡೇಟಾಗೆ ಸೇರುವುದಿಲ್ಲ. ಕರೆಂಟ್‌ಸೆಲ್‌ಡರ್ಟಿಸ್ಟೇಟ್‌ಚೇಂಜ್ಡ್ ಇವೆಂಟ್‌ನಲ್ಲಿ ಕಮಿಟ್‌ಎಡಿಟ್ ಕರೆಯಿರಿ. ಡಬ್ಲ್ಯುಪಿಎಫ್‌ನ ಡೇಟಾಗ್ರಿಡ್‌ನಲ್ಲಿ ಸಿದ್ಧ ಚೆಕ್‌ಬಾಕ್ಸ್ ಕಾಲಮ್ ಮೊದಲ ಕ್ಲಿಕ್‌ಗೆ ಸೆಲ್ ಆರಿಸುತ್ತದೆ, ಎರಡನೆಯದಕ್ಕೆ ಟಿಕ್ ಹಾಕುತ್ತದೆ. ಅದರ ಬದಲು ಟೆಂಪ್ಲೇಟ್ ಕಾಲಮ್ ಇಟ್ಟು ಒಳಗೆ ಸಾದಾ ಚೆಕ್‌ಬಾಕ್ಸ್ ಹಾಕಿ, ಅಪ್‌ಡೇಟ್‌ಸೋರ್ಸ್‌ಟ್ರಿಗರ್ ಅನ್ನು ಪ್ರಾಪರ್ಟಿಚೇಂಜ್ಡ್ ಮಾಡಿ. ವಿನ್‌ಫಾರ್ಮ್ಸ್ ಟ್ರೀವ್ಯೂನಲ್ಲಿ ಬೇಗ ಬೇಗ ಡಬಲ್ ಕ್ಲಿಕ್ ಮಾಡಿದರೆ ಕಾಣುವ ಟಿಕ್ ಮತ್ತು ಚೆಕ್ಡ್ ಬೆಲೆ ಒಂದಕ್ಕೊಂದು ತಾಳೆಯಾಗದೆ ಹೋಗುವ ಹಳೆಯ ತೊಂದರೆ ಇದೆ. ಟ್ರೀವ್ಯೂನಿಂದ ಒಂದು ಕ್ಲಾಸ್ ಮಾಡಿ, ಡಬಲ್ ಕ್ಲಿಕ್‌ನ ವಿಂಡೋಸ್ ಸಂದೇಶ ಚೌಕದ ಮೇಲೆ ಬಂದಾಗ ಅದನ್ನು ಅಲ್ಲೇ ನುಂಗಿಬಿಡಿ.

ಉದ್ದದ ಪಟ್ಟಿಗಳಲ್ಲಿ ಪರದೆಗೆ ಕಾಣುವಷ್ಟು ಸಾಲುಗಳನ್ನು ಮಾತ್ರ ಸೃಷ್ಟಿಸಿ, ಸ್ಕ್ರೋಲ್ ಮಾಡಿದಂತೆ ಅವುಗಳನ್ನೇ ಮರುಬಳಸುವುದು ರೂಢಿ. ಸ್ಥಿತಿಯನ್ನು ಚೆಕ್‌ಬಾಕ್ಸ್‌ನಲ್ಲೇ ಇಟ್ಟರೆ ಮೊದಲ ಸಾಲಿನ ಟಿಕ್ ನೂರನೇ ಸಾಲಿನಲ್ಲಿ ಕಾಣಿಸಿಕೊಳ್ಳುತ್ತದೆ. ಸ್ಥಿತಿ ಡೇಟಾದಲ್ಲಿರಲಿ, ಬಾಕ್ಸ್ ಅದನ್ನು ತೋರಿಸಲಿ.

ಶಿಫ್ಟ್ ಹಿಡಿದು ಕ್ಲಿಕ್ ಮಾಡಿದರೆ ಮಧ್ಯದ ಎಲ್ಲ ಸಾಲಿಗೂ ಟಿಕ್ ಬೀಳುವ ಸೌಲಭ್ಯ ಕೊಡುವುದಾದರೆ ಎರಡು ನಿಯಮ ಪಾಲಿಸಿ. ಪ್ರತಿ ಸಾಲನ್ನೂ ಉಲ್ಟಾ ಮಾಡಬೇಡಿ, ಈಗ ಕ್ಲಿಕ್ ಆದ ಸಾಲಿಗೆ ಯಾವ ಸ್ಥಿತಿ ಬಂತೋ ಅದನ್ನೇ ಎಲ್ಲಕ್ಕೂ ಕೊಡಿ. ಮತ್ತು ಕಣ್ಣಿಗೆ ಕಾಣುವ ಕ್ರಮವನ್ನೇ ಹಿಡಿಯಿರಿ. ಫಿಲ್ಟರ್‌ನಿಂದ ಅಡಗಿದ ಸಾಲಿಗೆ ಟಿಕ್ ಬಿದ್ದು, ಆಮೇಲೆ ಡಿಲೀಟ್ ಒತ್ತಿದರೆ ಕಾಣದ ಫೈಲ್‌ಗಳೂ ಹೋಗುತ್ತವೆ.

## ಹಂತ 6: ಒಂದರ ಮೇಲೆ ಒಂದು ನಿಂತ ಆಯ್ಕೆಗಳು

"ಬ್ಯಾಕಪ್ ತೆಗೆದುಕೊಳ್ಳಿ" ಎಂಬುದಕ್ಕೆ ಟಿಕ್ ಇದ್ದರೆ ಮಾತ್ರ "ಪ್ರತಿ ವಾರ" ಎಂಬುದಕ್ಕೆ ಅರ್ಥ. ಮೇಲಿನದರ ಟಿಕ್ ತೆಗೆದಾಗ ಕೆಳಗಿನದನ್ನು ಡಿಸೇಬಲ್ ಮಾಡಿ, ಆದರೆ ಅದರ ಟಿಕ್ ಅಳಿಸಬೇಡಿ. ಮತ್ತೆ ಮೇಲಿನದಕ್ಕೆ ಟಿಕ್ ಹಾಕಿದಾಗ ಮೊದಲಿನ ಆಯ್ಕೆ ಹಾಗೇ ಸಿಗಬೇಕು. ಉಳಿಸುವಾಗ ಮೇಲಿನದು ಖಾಲಿ ಇದ್ದರೆ ಕೆಳಗಿನದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ, ಅಷ್ಟು ಸಾಕು.

ಓದಲು ಮಾತ್ರ ಇರುವ ಬಾಕ್ಸ್ ಬೇಕಾದರೆ? ಹೆಚ್ಚಿನ ಟೂಲ್‌ಕಿಟ್‌ಗಳಲ್ಲಿ ಚೆಕ್‌ಬಾಕ್ಸ್‌ಗೆ ರೀಡ್‌ಓನ್ಲಿ ಇಲ್ಲ. ಎಚ್‌ಟಿಎಮ್‌ಎಲ್‌ನ ರೀಡ್‌ಓನ್ಲಿ ಕೂಡ ಚೆಕ್‌ಬಾಕ್ಸ್ ಮೇಲೆ ಕೆಲಸ ಮಾಡುವುದಿಲ್ಲ. ನಿರ್ಧಾರದ ಫಂಕ್ಷನ್ ಯಾವಾಗಲೂ ಹಳೆಯ ಸ್ಥಿತಿಯನ್ನೇ ಉಳಿಸುವಂತೆ ಬರೆಯಬಹುದು, ಆದರೆ ನೋಡಲು ಅದು ಮಾಮೂಲಿ ಬಾಕ್ಸ್‌ನಂತೆಯೇ ಇರುತ್ತದೆ. ಹಾಗಾಗಿ ಡಿಸೇಬಲ್ ಮಾಡಿ, ಪಕ್ಕದಲ್ಲಿ "ಇದನ್ನು ನಿರ್ವಾಹಕರು ನಿಗದಿ ಮಾಡಿದ್ದಾರೆ" ಎಂಬಂಥ ಕಾರಣ ಬರೆಯಿರಿ.

## ಹಂತ 7: ನೋಟ, ಕೀಬೋರ್ಡ್, ಸ್ಕ್ರೀನ್ ರೀಡರ್

ನೋಟ ಬದಲಾಯಿಸುವುದು ಸುಲಭ: ಡಬ್ಲ್ಯುಪಿಎಫ್‌ನಲ್ಲಿ ಕಂಟ್ರೋಲ್‌ಟೆಂಪ್ಲೇಟ್, ಕ್ಯೂಟಿಯಲ್ಲಿ ಸ್ಟೈಲ್‌ಶೀಟ್‌ನ ಇಂಡಿಕೇಟರ್ ಭಾಗ, ವಿನ್‌ಫಾರ್ಮ್ಸ್‌ನಲ್ಲಿ ಬಟನ್‌ನಂತೆ ಕಾಣಿಸುವ ಅಪಿಯರೆನ್ಸ್ ಪ್ರಾಪರ್ಟಿ. ಬೇರೆ ಕಂಟ್ರೋಲ್ ಮೇಲೆ ಚಿತ್ರ ಅಂಟಿಸಿ ಚೆಕ್‌ಬಾಕ್ಸ್‌ನಂತೆ ತೋರಿಸಬೇಡಿ. ಕಣ್ಣಿಗೆ ಹಾಗೆ ಕಂಡರೂ ಸ್ಕ್ರೀನ್ ರೀಡರ್‌ಗೆ ಅದು ಬರೀ ಚಿತ್ರ. ಅಸಲಿ ಚೆಕ್‌ಬಾಕ್ಸ್ ಇಟ್ಟುಕೊಂಡು ಅದರ ಬಟ್ಟೆ ಮಾತ್ರ ಬದಲಾಯಿಸಿ.

ನೀವೇ ಬಿಡಿಸುವುದಾದರೆ ಆರು ನೋಟ ಬೇಕೇ ಬೇಕು: ಮೂರು ಸ್ಥಿತಿ, ಪ್ರತಿಯೊಂದಕ್ಕೂ ಎನೇಬಲ್ ಮತ್ತು ಡಿಸೇಬಲ್. ಇವುಗಳ ಮೇಲೆ ಫೋಕಸ್ ಇದ್ದಾಗ ಸುತ್ತಲಿನ ಗೆರೆ. ಆ ಗೆರೆಯನ್ನು ಚೆಂದ ಕಾಣುವುದಿಲ್ಲ ಎಂದು ತೆಗೆಯಬೇಡಿ, ಕೀಬೋರ್ಡ್ ಬಳಸುವವರಿಗೆ ತಾವು ಎಲ್ಲಿದ್ದೇವೆ ಎಂದು ಗೊತ್ತಾಗುವುದು ಅದರಿಂದಲೇ. ಸ್ಥಿತಿಯನ್ನು ಬರೀ ಬಣ್ಣದಿಂದ ಹೇಳಬೇಡಿ, ಗುರುತೂ ಬದಲಾಗಲಿ. ಚೌಕದ ಗೆರೆಗೂ ಹಿನ್ನೆಲೆಗೂ ಕನಿಷ್ಠ 3:1 ಕಾಂಟ್ರಾಸ್ಟ್ ಇರಬೇಕು ಎನ್ನುತ್ತದೆ ಡಬ್ಲ್ಯುಸಿಎಜಿ (WCAG), ಅಂದರೆ ಎಲ್ಲರೂ ಬಳಸಬಲ್ಲ ವೆಬ್‌ಗಾಗಿ ಇರುವ ಮಾರ್ಗಸೂಚಿ. 2023ರ 2.2 ಆವೃತ್ತಿ ಕ್ಲಿಕ್ ಮಾಡುವ ಜಾಗ 24×24 ಪಿಕ್ಸೆಲ್ ಆದರೂ ಇರಲಿ ಎಂದು ಕೇಳುತ್ತದೆ. ಅವು ವೆಬ್‌ಗೆಂದು ಬರೆದ ನಿಯಮಗಳಾದರೂ ಡೆಸ್ಕ್‌ಟಾಪ್‌ಗೂ ಒಳ್ಳೆಯ ಅಳತೆಗೋಲು. ವಿಂಡೋಸ್‌ನ ಹಳೆಯ ಚೌಕ 100% ಅಳತೆಯಲ್ಲಿ 13×13 ಪಿಕ್ಸೆಲ್ ಮಾತ್ರ, ಹಾಗಾಗಿ ಲೇಬಲ್ ಕ್ಲಿಕ್ ಮಾಡಿದರೂ ಟಿಕ್ ಬೀಳುವ ಹಾಗೆ ಇಡಲೇಬೇಕು. ಕ್ಯೂಟಿಯಲ್ಲಿ ಕ್ಲಿಕ್ ಜಾಗ ಹಿಗ್ಗಿಸಲು ಹಿಟ್‌ಬಟನ್ ಫಂಕ್ಷನ್ ಓವರ್‌ರೈಡ್ ಮಾಡಿ.

ಕೀಬೋರ್ಡ್‌ನಲ್ಲಿ ಸ್ಪೇಸ್ ಟಿಕ್ ಬದಲಾಯಿಸಬೇಕು. ಎಂಟರ್ ಡೆಸ್ಕ್‌ಟಾಪ್ ಕಿಟಕಿಯಲ್ಲಿ ಸಾಮಾನ್ಯವಾಗಿ ಸರಿ ಬಟನ್‌ಗೆ ಸೇರಿದ್ದು, ಅದನ್ನು ಕಿತ್ತುಕೊಳ್ಳಬೇಡಿ.

ಲೇಬಲ್ ಬಗ್ಗೆ ಒಂದೇ ಮಾತು: ಟಿಕ್ ಹಾಕಿದರೆ ಏನಾಗುತ್ತದೆ ಎಂದು ಬರೆಯಿರಿ, ಏನಾಗುವುದಿಲ್ಲ ಎಂದಲ್ಲ. "ಸೂಚನೆಗಳನ್ನು ತೋರಿಸಬೇಡಿ" ಎಂಬುದರ ಟಿಕ್ ತೆಗೆದರೆ ಏನರ್ಥ ಎಂದು ಪ್ರತಿ ಸಲ ಯೋಚಿಸಬೇಕಾಗುತ್ತದೆ. "ಸೂಚನೆಗಳನ್ನು ತೋರಿಸಿ" ಎಂದು ಬರೆದರೆ ಆ ಕಷ್ಟವೇ ಇಲ್ಲ.

## ಹಂತ 8: ಪರೀಕ್ಷೆ

ಹಂತ 1ರ ಪಟ್ಟಿಯ ಪ್ರತಿ ಸಾಲೂ ಒಂದು ಟೆಸ್ಟ್. ನಿರ್ಧಾರದ ಫಂಕ್ಷನ್ ಅನ್ನು ಪರದೆಯಿಂದ ಬೇರೆ ಮಾಡಿ ಬರೆದಿದ್ದರೆ ಕಿಟಕಿ ತೆರೆಯದೆಯೇ ಇವನ್ನೆಲ್ಲ ಓಡಿಸಬಹುದು. ಅದರ ಜೊತೆಗೆ ಕೈಯಿಂದ ನೋಡಬೇಕಾದವು ಕೆಲವಿವೆ. ಮೌಸ್ ಮುಟ್ಟದೆ ಪೂರ್ತಿ ಕಿಟಕಿ ಬಳಸಿ ನೋಡಿ. ಒಂದೇ ಬಾಕ್ಸ್ ಅನ್ನು ಬೇಗ ಬೇಗ ಹಲವು ಸಲ ಕ್ಲಿಕ್ ಮಾಡಿ, ಕಾಣುವ ಸ್ಥಿತಿ ಮತ್ತು ಡೇಟಾ ತಾಳೆಯಾಗುತ್ತವೆಯೇ ನೋಡಿ. ಒಂದು ಕ್ಲಿಕ್‌ಗೆ ಉಳಿಸುವ ಫಂಕ್ಷನ್ ಎಷ್ಟು ಸಲ ಓಡಿತು ಎಂದು ಲಾಗ್ ಹಾಕಿ. ಎರಡು ಸಲ ಕಂಡರೆ ಎಲ್ಲೋ ಬದಲಾದ ಮೇಲೆ ವಾಪಸ್ ತಿರುಗಿಸುವ ಕೋಡ್ ಉಳಿದಿದೆ. ವಿಂಡೋಸ್‌ನಲ್ಲಿ ನರೇಟರ್ ಅಥವಾ ಎನ್‌ವಿಡಿಎ, ಮ್ಯಾಕ್‌ನಲ್ಲಿ ವಾಯ್ಸ್‌ಓವರ್, ಲಿನಕ್ಸ್‌ನಲ್ಲಿ ಆರ್ಕಾ ಎಂಬ ಸ್ಕ್ರೀನ್ ರೀಡರ್ ಆನ್ ಮಾಡಿ ಕೇಳಿ. ಅರ್ಧ ಟಿಕ್ ಅನ್ನು ಬೇರೆಯಾಗಿ ಹೇಳುತ್ತದೆಯೇ ಎಂಬುದನ್ನು ಮುಖ್ಯವಾಗಿ ಗಮನಿಸಿ.

ಕೊನೆಗೆ ಆ್ಯಪ್ ಮುಚ್ಚಿ ಮತ್ತೆ ತೆರೆಯಿರಿ. ಬಳಕೆದಾರರೇ ಆರಿಸುವ ಮೂರನೇ ಸ್ಥಿತಿ ಇದ್ದರೆ ಸೆಟ್ಟಿಂಗ್ ಫೈಲ್‌ನಲ್ಲಿ ಟ್ರೂ, ಫಾಲ್ಸ್ ಮಾತ್ರ ಸಾಕಾಗುವುದಿಲ್ಲ, ನಲ್ (ಎರಡೂ ಅಲ್ಲ ಎಂಬ ಬೆಲೆ) ಬರೆಯಲು ಜಾಗ ಬೇಕು. ಹಳೆಯ ಆವೃತ್ತಿಯ ಫೈಲ್‌ನಲ್ಲಿ ಆ ಸೆಟ್ಟಿಂಗ್ ಇಲ್ಲದೇ ಇರುವುದಕ್ಕೂ, ಹೊಸದರಲ್ಲಿ ನಲ್ ಎಂದು ಬರೆದಿರುವುದಕ್ಕೂ ವ್ಯತ್ಯಾಸ ಇದೆ. ಮೊದಲನೆಯದಕ್ಕೆ ಆ್ಯಪ್‌ನ ಮಾಮೂಲಿ ಬೆಲೆ ಕೊಡಿ, ಎರಡನೆಯದಕ್ಕೆ ಅರ್ಧ ಟಿಕ್. ತಾಯಿ ಬಾಕ್ಸ್‌ನ ಅರ್ಧ ಟಿಕ್ ಅನ್ನು ಮಾತ್ರ ಎಂದೂ ಫೈಲ್‌ಗೆ ಬರೆಯಬೇಡಿ. ಮಕ್ಕಳ ಸ್ಥಿತಿ ಉಳಿಸಿ, ತೆರೆದಾಗ ತಾಯಿಯದನ್ನು ಮತ್ತೆ ಲೆಕ್ಕ ಹಾಕಿ.